ಹೊಗೆಯಿಲ್ಲದ ಒಲೆಗೆ ಮೂರು ಕರಡು

ಬ್ಲಾಕ್ ಆಫೀಸಿನಿಂದ ಬಂದ ಆರ್ಡರಿನಲ್ಲಿ ಮೂರೇ ಸಾಲು. ಹೊಸದಾಗಿ ಓದಲು ಕಲಿತ ವಯಸ್ಕರಿಗಾಗಿ ಸಣ್ಣ ಪುಸ್ತಕ ಬರೆಸುವ ಶಿಬಿರ ಹಾಸನದಲ್ಲಿ ನಡೆಯುತ್ತದೆ; ನಾನು ಮೂರು ವಾರ ಅಲ್ಲಿರಬೇಕು; ನನಗೆ ಗೊತ್ತುಮಾಡಿದ ವಿಷಯ ‘ಹೊಗೆಯಿಲ್ಲದ ಒಲೆ’.

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಹೊಳೆನರಸೀಪುರ ತಾಲ್ಲೂಕಿನಲ್ಲಿ, ಹಳ್ಳಿಮೈಸೂರಿಗೆ ಎರಡು ಮೈಲಿ ದೂರದ ಊರೊಂದರಲ್ಲಿ ಗ್ರಾಮಸೇವಿಕೆಯಾಗಿದ್ದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಮಧ್ಯಾಹ್ನ ಹೆಂಗಸರಿಗೆ ಅಕ್ಷರ ಹೇಳಿಕೊಡುತ್ತಿದ್ದೆ. ಉಳಿದ ಹೊತ್ತು ಮನೆಮನೆ ತಿರುಗಿ ಕೈತೋಟ ಹಾಕಿಸುವುದು, ಬಾಣಂತಿಯರನ್ನು ನೋಡಿಬರುವುದು, ಈ ಒಲೆಯ ಪ್ರಚಾರ. ತರಬೇತಿಯಲ್ಲಿ ಕಲಿತಂತೆ ಐದು ಮನೆಗಳಲ್ಲಿ ನನ್ನ ಕೈಯಾರೆ ಒಲೆ ಹಾಕಿದ್ದೆ. ಗೊತ್ತಿರುವ ವಿಷಯ ಬರೆಯಲು ಮೂರು ವಾರ ಯಾಕೆ ಬೇಕು ಅಂದುಕೊಂಡೇ ಹಾಸನದ ಬಸ್ಸು ಹತ್ತಿದೆ.

ಒಲೆ ಎಂಥದು ಅಂತ ಇಲ್ಲೇ ಹೇಳಿಬಿಡುತ್ತೇನೆ. ಮೂರು ಗುಂಡುಕಲ್ಲಿನ ಒಲೆಯಲ್ಲಿ ಹೊಗೆ ಅಡುಗೆಮನೆಯ ತುಂಬ ಆಡುತ್ತದೆ. ಈ ಹೊಸ ಒಲೆ ಮಣ್ಣಿನ ಉದ್ದನೆಯ ಕಟ್ಟೆ. ಮುಂದೆ ಸೌದೆ ಹಾಕುವ ಬಾಯಿ, ಮೇಲೆ ಪಾತ್ರೆ ಕೂರಿಸಲು ಸಾಲಾಗಿ ಮೂರು ಕಣ್ಣು, ಒಳಗೆ ಒಂದು ಕಣ್ಣಿನಿಂದ ಇನ್ನೊಂದಕ್ಕೆ ಸುರಂಗ, ಕೊನೆಯಲ್ಲಿ ಕುಂಬಾರ ಸುಟ್ಟುಕೊಟ್ಟ ಕೊಳವೆ. ಬೆಂಕಿ ಮುಂದಿನ ಕಣ್ಣಿಗೆ, ಬಿಸಿ ಹಿಂದಿನ ಎರಡಕ್ಕೆ, ಹೊಗೆ ಕೊಳವೆಯಿಂದ ಸೂರಿನ ಆಚೆಗೆ. ಕಾಗದದ ಮೇಲೆ ಇದರಲ್ಲಿ ಒಂದೂ ತಪ್ಪಿಲ್ಲ.

ಶಿಬಿರ ನಡೆದದ್ದು ಬೇಸಿಗೆ ರಜಕ್ಕೆ ಮುಚ್ಚಿದ್ದ ಒಂದು ಶಾಲೆಯಲ್ಲಿ. ನಾವು ಹನ್ನೊಂದು ಜನ. ಹೆಚ್ಚಿನವರು ಪ್ರೈಮರಿ ಶಾಲೆಯ ಮೇಷ್ಟ್ರುಗಳು; ಹೆಂಗಸರು ನಾನು ಮತ್ತು ಒಬ್ಬ ಸೂಲಗಿತ್ತಿ ನರ್ಸು. ನಡೆಸುತ್ತಿದ್ದವರು ಹೈಸ್ಕೂಲಿನಿಂದ ನಿವೃತ್ತರಾದ ಕನ್ನಡ ಮೇಷ್ಟ್ರು. ಎಪ್ಪತ್ತರ ಹತ್ತಿರದ ವಯಸ್ಸು, ಕರಿ ಕೋಟು, ಮಾತು ಕಡಿಮೆ. ಮೊದಲ ದಿನ ನಮ್ಮೆಲ್ಲರ ಪೆನ್ನುಗಳನ್ನು ಜೇಬಿಗೆ ಹಾಕಿಸಿಬಿಟ್ಟರು.

“ಇವತ್ತು ಯಾರೂ ಬರೆಯೋ ಹಾಗಿಲ್ಲ. ಮೊದಲು ಯಾರಿಗೆ ಬರೀತೀರಿ ಅಂತ ಹೇಳಿ,” ಅಂದರು.

ನನ್ನ ಸರದಿ ಬಂದಾಗ “ಹಳ್ಳಿಯ ಹೆಂಗಸರಿಗೆ ಸಾರ್,” ಅಂದೆ.

“ಹಳ್ಳಿಯ ಹೆಂಗಸರು ಅನ್ನೋರು ಯಾರಮ್ಮ? ನಾನು ಅವರನ್ನ ಎಲ್ಲೂ ನೋಡಿಲ್ಲ. ಯಾರಾದ್ರೂ ಒಬ್ಬಳನ್ನ ಹೇಳು. ಅವಳ ವಯಸ್ಸೆಷ್ಟು, ಎಷ್ಟು ಓದ್ತಾಳೆ, ಏನು ಅಡುಗೆ ಮಾಡ್ತಾಳೆ, ಯಾವುದಕ್ಕೆ ನಗ್ತಾಳೆ. ಅಷ್ಟು ಗೊತ್ತಿದ್ರೆ ಅವಳಿಗೆ ಬರಿ.”

ನನಗೆ ಕಣ್ಣ ಮುಂದೆ ಬಂದವಳು ಮೂಲೆಮನೆಯ ಅಕ್ಕ. ನಮ್ಮೂರಿನ ಬೀದಿ ತಿರುಗುವಲ್ಲಿ ಅವಳ ಮನೆ. ಊರಿಗೆಲ್ಲ ಅವಳು ಮೂಲೆಮನೆ ಅಕ್ಕ. ನಲವತ್ತು ದಾಟಿದ ಒಕ್ಕಲು ಹೆಂಗಸು. ಹೊಗೆಯಿಂದ ಅವಳ ಕಣ್ಣು ಸದಾ ಕೆಂಪು. ನನ್ನ ಮಧ್ಯಾಹ್ನದ ತರಗತಿಗೆ ಮೊದಲು ಬಂದವಳು ಅವಳೇ, ಒಲೆಯನ್ನು ಮೊದಲು ಮನೆಯೊಳಗೆ ಬಿಟ್ಟುಕೊಂಡವಳೂ ಅವಳೇ. ಅಕ್ಷರ ಕಲಿತ ಮೇಲೆ ಬಸ್ಸಿನ ಹಣೆಯ ಮೇಲಿನ ಊರ ಹೆಸರನ್ನು ಒಂದೊಂದಾಗಿ ಕೂಡಿಸಿ ಓದಿ, “ಇಷ್ಟು ದಿವ್ಸ ಕಂಡೋರ್ನ ಕೇಳ್ಕಂಡ್ ಬಸ್ ಅತ್ತಿದ್ನಲ್ಲ,” ಅಂತ ತನಗೆ ತಾನೇ ನಕ್ಕವಳು. ಇದನ್ನೆಲ್ಲ ಹೇಳಿದೆ. ಮೇಷ್ಟ್ರು ತಲೆಯಾಡಿಸಿ ಮುಂದಿನವರ ಕಡೆ ತಿರುಗಿದರು.

ಎರಡನೇ ದಿನ ಚೀಟಿಗಳ ಕೆಲಸ. ಹಳೆಯ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ನಾಲ್ಕು ತುಂಡು ಮಾಡಿ ಹಿಂಬದಿಯಲ್ಲಿ ಬರೆಯಬೇಕು. ಒಂದು ಚೀಟಿಗೆ ಒಂದೇ ಸಂಗತಿ. ಮಣ್ಣು ಎಂಥದಿರಬೇಕು ಅನ್ನುವುದಕ್ಕೆ ಒಂದು, ಕಲಸುವುದಕ್ಕೆ ಒಂದು, ಕೊಳವೆಯ ಅಳತೆಗೆ ಒಂದು, ಕಣ್ಣಿಗೆ ಆಗುವ ಲಾಭಕ್ಕೆ ಒಂದು. ನಲವತ್ತಕ್ಕೂ ಹೆಚ್ಚು ಚೀಟಿಗಳಾದವು. ಅವನ್ನು ನೆಲದ ಮೇಲೆ ಹರಡಿ, ಯಾವುದು ಮೊದಲು, ಯಾವುದರ ಹಿಂದೆ ಯಾವುದು ಅಂತ ಜೋಡಿಸುವುದು. ಫ್ಯಾನಿಲ್ಲದ ಕೋಣೆ, ಆದರೂ ಗಾಳಿಗೆ ಚೀಟಿ ಹಾರೀತೆಂದು ಕಿಟಕಿ ಮುಚ್ಚಿಕೊಂಡು ಬೆವರುತ್ತಾ ಕೂತಿದ್ದೆವು.

ಮೂರನೇ ದಿನ ಮೊದಲ ಕರಡು ಬರೆದೆ. ಕಾಲೇಜಿಗೆ ಹೋಗದಿದ್ದರೂ ಹೈಸ್ಕೂಲಿನಲ್ಲಿ ಪ್ರಬಂಧಕ್ಕೆ ಬಹುಮಾನ ತೆಗೆದುಕೊಂಡವಳು ನಾನು. “ಅನಾದಿ ಕಾಲದಿಂದಲೂ ಮಾನವನ ಜೀವನದಲ್ಲಿ ಅಗ್ನಿಗೆ ಮಹತ್ತರವಾದ ಸ್ಥಾನವಿದೆ” ಎಂದು ಶುರುಮಾಡಿದ್ದೆ. ಮೇಷ್ಟ್ರ ಮುಂದೆ ಗಟ್ಟಿಯಾಗಿ ಓದಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು.

“ಒಲೆ ಎಷ್ಟನೇ ಹಾಳೆಗೆ ಬಂತಮ್ಮ?”

ತಿರುವಿ ನೋಡಿದೆ. “ಐದನೇದಕ್ಕೆ ಸಾರ್.”

“ಅಷ್ಟು ಹೊತ್ತಿಗೆ ನಿನ್ನ ಅಕ್ಕ ಎದ್ದುಹೋಗಿ ಎಮ್ಮೆ ಕರೀತಿರ್ತಾಳೆ.”

ಎಲ್ಲರೂ ನಕ್ಕರು. ನನಗೆ ಮುಖ ಬಿಸಿಯಾಯಿತು. ಆದರೆ ಅವರು ಹೇಳಿದ್ದು ಸರಿ ಅಂತ ಆ ಕ್ಷಣವೇ ತಿಳಿಯಿತು. ಮೊದಲ ನಾಲ್ಕು ಹಾಳೆ ಹರಿದುಹಾಕಿ ಮತ್ತೆ ಕೂತೆ.

ಎರಡನೇ ಕರಡಿಗೆ ಆರು ದಿನ ಹಿಡಿಯಿತು. ಒಂದು ವಾಕ್ಯದಲ್ಲಿ ಆರೇಳು ಪದಕ್ಕಿಂತ ಹೆಚ್ಚಿರಬಾರದು ಎಂಬುದು ಶಿಬಿರದ ನಿಯಮ. ಒತ್ತಕ್ಷರ ಒಂದರ ಕೆಳಗೊಂದು ಬರುವ ಮಾತು ಬೇಡ. ‘ಉಪಯೋಗಿಸುವುದರಿಂದ’ ಎನ್ನುವುದಕ್ಕಿಂತ ‘ಬಳಸಿದರೆ’ ಮೇಲು. ಬೆರಳಿನಿಂದ ಪದ ಎಣಿಸಿ ಎಣಿಸಿ ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ. ಸಣ್ಣ ವಾಕ್ಯ ಬರೆಯುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತಿರಲಿಲ್ಲ. ದೊಡ್ಡ ವಾಕ್ಯದಲ್ಲಿ ಗೊತ್ತಿಲ್ಲದ್ದನ್ನು ಮುಚ್ಚಿಡಲು ಜಾಗವಿರುತ್ತದೆ, ಸಣ್ಣದರಲ್ಲಿ ಇರುವುದಿಲ್ಲ. ಕೊನೆಗೆ ಹದಿನಾಲ್ಕು ಪುಟದ ಕರಡು ಸಿದ್ಧವಾಯಿತು. ಮೇಷ್ಟ್ರು ಎರಡು ಕಡೆ ಮಾತ್ರ ಪೆನ್ಸಿಲ್ ಆಡಿಸಿ, “ಈಗ ಊರಿಗೆ ಹೋಗು. ಅವಳ ಕೈಗೆ ಕೊಟ್ಟು ಓದಿಸು. ನೀನು ಬಾಯಿ ಬಿಡಬೇಡ. ಎಲ್ಲಿ ತಡವರಿಸ್ತಾಳೋ ಆ ಪದದ ಕೆಳಗೆ ಒಂದು ಚುಕ್ಕೆ ಇಡು, ಅಷ್ಟೇ,” ಅಂದರು. ಎಲ್ಲರಿಗೂ ಹೀಗೆ ನಾಲ್ಕು ದಿನ ಬಿಡುವು ಕೊಟ್ಟಿದ್ದರು.

ಊರಿಗೆ ಬಂದ ಮಧ್ಯಾಹ್ನವೇ ತರಗತಿ ಸೇರಿಸಿದೆ. ಮೂಲೆಮನೆಯ ಅಕ್ಕ ಬರಲಿಲ್ಲ. ಶಿಬಿರಕ್ಕೆ ಹೋಗುವ ಮುಂಚೆಯೂ ಅವಳು ಒಂದು ತಿಂಗಳಿಂದ ಬಂದಿರಲಿಲ್ಲ. ಹೊಲದ ಕೆಲಸವಿರಬೇಕು ಅಂದುಕೊಂಡು ನಾನು ವಿಚಾರಿಸಿರಲಿಲ್ಲ. ಬಂದಿದ್ದ ಐವರ ಕೈಗೆ ಹಾಳೆ ಕೊಟ್ಟೆ. ಬೆರಳಿಟ್ಟು ಓದಿದರು. ನಾನು ಚುಕ್ಕೆ ಇಟ್ಟೆ. ಬೇಗ ಬೇಗ ಓದಿ ಮುಗಿಸಿದರೂ ಯಾರೂ ಒಂದು ಮಾತೂ ಆಡಲಿಲ್ಲ. ಅದೇ ನನಗೆ ವಿಚಿತ್ರವಾಗಿ ಕಂಡಿತು. ಏಳುವಾಗ ಒಬ್ಬಳು ಸೆರಗು ಸರಿಮಾಡಿಕೊಳ್ಳುತ್ತಾ, “ಇದ್ನ ಮೂಲೆಮನೆ ಅಕ್ಕನ ಮುಂದೆ ಓದ್ಬ್ಯಾಡಿ ಟೀಚರಮ್ಮ,” ಅಂದಳು.

“ಯಾಕೆ?”

“ಬ್ಯಾಡಿ ಅಂದ್ರೆ ಬ್ಯಾಡಿ ಕಣಮ್ಮ. ಸುಮ್ಕಿರಿ.”

ನೇರವಾಗಿ ಮೂಲೆಮನೆಗೆ ಹೋದೆ. ಅಕ್ಕ ಅಡುಗೆಮನೆಯಲ್ಲಿದ್ದಳು. ಹೊಗೆ ಬಾಗಿಲಿನಿಂದಲೇ ಕಣ್ಣಿಗೆ ಹೊಡೆಯಿತು. ನಾನು ಹಾಕಿಕೊಟ್ಟಿದ್ದ ಒಲೆಯ ಜಾಗದಲ್ಲಿ ಹಳೆಯ ಮೂರು ಗುಂಡುಕಲ್ಲು. ಕೊಳವೆ ಹಾಕಿದ್ದ ಗೋಡೆಯ ತೂತಿಗೆ ಮಣ್ಣು ಮೆತ್ತಿತ್ತು. ನಾನು ಅದನ್ನೇ ನೋಡುತ್ತಾ ನಿಂತಿದ್ದು ಅವಳಿಗೂ ಕಂಡಿತು.

“ಬನ್ನಿ ಟೀಚರಮ್ಮ, ಕುಂತ್ಕಳಿ,” ಅಂದು ಮಣೆ ಹಾಕಿದಳು. “ಅದೇನು ಕೈಲಿ?”

“ಪುಸ್ತಕ ಬರೀತಿದ್ದೀನಕ್ಕ. ನಿಮಗೋಸ್ಕರ ಬರೆದದ್ದು. ಓದ್ತೀರೇನೋ ಅಂತ ತಂದೆ.”

ಕೈ ಒರೆಸಿಕೊಂಡು ಹಾಳೆ ತೆಗೆದುಕೊಂಡಳು. ಬೆಳಕಿಗೆ ಬಾಗಿಲ ಹತ್ತಿರ ಹೋಗಿ ಕೂತು, ಬೆರಳಿಟ್ಟು, ಒಂದೊಂದಾಗಿ ಓದಿದಳು. “ಇದು… ಹೊಸ… ಒಲೆ. ಈ ಒಲೆಗೆ… ಮೂರು ಕಣ್ಣು. ಈ ಒಲೆಯಲ್ಲಿ… ಹೊಗೆ… ಬರುವುದಿಲ್ಲ.” ಅಲ್ಲಿ ನಿಂತಳು. ಪದ ಕಷ್ಟವಾಯಿತೇನೋ ಅಂತ ನಾನು ಚುಕ್ಕೆ ಇಡಲು ಪೆನ್ಸಿಲ್ ತೆಗೆದೆ. ಅವಳು ಅದೇ ಸಾಲನ್ನು ಇನ್ನೊಂದು ಸಲ, ಈ ಬಾರಿ ಎಲ್ಲೂ ತಡವರಿಸದೆ ಓದಿ, ಹಾಳೆಯನ್ನು ನನ್ನ ಕೈಗೆ ವಾಪಸು ಕೊಟ್ಟಳು.

“ಸುಳ್ಳು ಕಣಮ್ಮ ಇದು.”

ನಾನು ಪೆನ್ಸಿಲ್ ಕೆಳಗಿಟ್ಟೆ.

“ನಿಮ್ಮ ಮೇಲೆ ನಂಗೇನ್ ಕ್ವಾಪ ಇಲ್ಲ. ಬಾಯ್ನಾಗೆ ಯೋಳಿದ್ ಮಾತು ಅತ್ಲಾಗ್ ಓಯ್ತದೆ. ಬರ್ದಿದ್ದು ದಿಟ ಅಂತ ನಾನು ತಿಳ್ಕಂಡಿದ್ದೆ. ಅದಕ್ಕೇಯ ಅಕ್ಷರ ಕಲಿಯಾನ ಅಂತ ಬಂದಿದ್ದು.”

ಆಮೇಲೆ ಏನಾಯಿತು ಅಂತ ಹೇಳಿದಳು. ಒಲೆ ಇಪ್ಪತ್ತು ದಿನ ಚೆನ್ನಾಗಿಯೇ ಇತ್ತಂತೆ. ಆಮೇಲೆ ಮುಂದಿನ ಕಣ್ಣಿನ ಅಂಚು ಬಿರುಕು ಬಿಟ್ಟಿತು. ಬಿರುಕಿನಿಂದ ಹೊಗೆ ಬಂತು. ಮೆತ್ತಿದಳು. ಮತ್ತೆ ಬಿಟ್ಟಿತು. ಒಂದು ದಿನ ಮುದ್ದೆಗೆ ಹಿಟ್ಟು ತೊಳಸುವಾಗ ಅಂಚು ಕಿತ್ತುಬಂದು ಮಡಕೆ ವಾಲಿ, ಕುದಿಯುವ ಹಿಟ್ಟು ಮುಂಗೈಗೆ ಬಿತ್ತು. ಸೆರಗು ಸರಿಸಿ ಕಲೆ ತೋರಿಸಿದಳು. ಅವಳ ಮಾತು ಕೇಳಿ ಒಲೆ ಹಾಕಿಸಿಕೊಂಡ ಮನೆ ಇನ್ನೂ ಎರಡಿದ್ದವು. ಅವರೆಲ್ಲ ಅವಳನ್ನು ಆಡಿಕೊಂಡರು. ತರಗತಿಯಲ್ಲಿ ಅದೇ ಹೆಂಗಸರ ಪಕ್ಕ ಕೂರಬೇಕಲ್ಲ ಅಂತ ಬರುವುದನ್ನೇ ಬಿಟ್ಟಳು.

“ನನಗೆ ಯಾಕಕ್ಕ ಹೇಳಲಿಲ್ಲ?”

“ನೀವು ಕೇಳ್ಲಿಲ್ವಲ್ಲ.”

ಅವಳು ಹೇಳಿದ್ದು ಅಷ್ಟೇ. ನಾನು ತಿಂಗಳ ವರದಿಯಲ್ಲಿ ‘ಹಾಕಿದ ಒಲೆ ಐದು’ ಎಂದು ಬರೆದು ಕಳಿಸುತ್ತಲೇ ಇದ್ದೆ. ಹಾಕಿದ ಮೇಲೆ ಒಂದು ದಿನವೂ ಅಡುಗೆ ಹೊತ್ತಿನಲ್ಲಿ ಹೋಗಿ ನೋಡಿರಲಿಲ್ಲ. ನನ್ನ ತಿರುಗಾಟವೆಲ್ಲ ಅಡುಗೆ ಮುಗಿದ ಮೇಲೆ.

ಮಾರನೆಯ ಬೆಳಿಗ್ಗೆಯಿಂದ ಉಳಿದ ನಾಲ್ಕು ಒಲೆಗಳನ್ನು ಅಡುಗೆಯ ಹೊತ್ತಿನಲ್ಲೇ ಹೋಗಿ ನೋಡಿದೆ. ಒಂದರ ಮೇಲೆ ಕೊಡಗಳನ್ನು ಪೇರಿಸಿದ್ದರು. ಒಂದನ್ನು ಅಗೆದು ತಿಪ್ಪೆಗೆ ಹಾಕಿದ್ದರು. ಒಂದು ಬಿರುಕು ಬಿಟ್ಟು, ಮೂರು ಕಲ್ಲಿನ ಒಲೆಗಿಂತ ಹೆಚ್ಚು ಹೊಗೆ ಕಕ್ಕುತ್ತಿತ್ತು. ನಾಲ್ಕನೆಯದು ಮಾತ್ರ ಹಾಕಿದ ದಿನ ಇದ್ದಂತೆಯೇ ಇತ್ತು. ಅದು ಪಟ್ಟಣದಿಂದ ವರ್ಗವಾಗಿ ಬಂದಿದ್ದ ಶಾಲೆಯ ಹೆಡ್‌ಮೇಷ್ಟ್ರ ಮನೆ. ಅವರ ಹೆಂಡತಿ ಒಲೆಯನ್ನು ಹೊಗಳಿದರು. ಮೂರು ಕಣ್ಣಿನ ಮೇಲೂ ಪಾತ್ರೆ ಕೂತಿತ್ತು: ಅನ್ನ, ಸಾರು, ಬಿಸಿನೀರು. ಅವರ ಮನೆಯಲ್ಲಿ ಎರಡು ಹೊತ್ತೂ ಅನ್ನ.

ಆ ಮನೆಯ ಜಗಲಿ ಇಳಿಯುವಾಗ ನನಗೆ ಹೊಳೆಯಿತು. ಅನ್ನದ ಪಾತ್ರೆಯನ್ನು ಒಲೆಯ ಮೇಲಿಟ್ಟರೆ ಅದು ತನ್ನಷ್ಟಕ್ಕೆ ಕೂತಿರುತ್ತದೆ. ಹಿಟ್ಟಿನ ಮಡಕೆ ಹಾಗಲ್ಲ. ರಾಗಿ ಹಿಟ್ಟು ಬೆಂದ ಮೇಲೆ ಕವಲಾದ ಕವೆಗೋಲನ್ನು ಕಾಲಿನಲ್ಲಿ ಮೆಟ್ಟಿ ಮಡಕೆಯನ್ನು ಒತ್ತಿಹಿಡಿದು, ಹಿಟ್ಟಿನ ಕೋಲನ್ನು ಎರಡು ಕೈಯಲ್ಲೂ ಹಿಡಿದು, ಮೈಭಾರವನ್ನೆಲ್ಲ ಬಿಟ್ಟು ತೊಳಸಬೇಕು. ಹತ್ತು ಜನರ ಮನೆಯಲ್ಲಿ ಅದು ಹೆಂಗಸಿನ ಭುಜ ಕೀಳುವ ಕೆಲಸ. ಆ ಭಾರವೆಲ್ಲ ನಾನು ಮೆತ್ತಿದ ಒಂದು ಗೇಣು ಮಣ್ಣಿನ ಅಂಚಿನ ಮೇಲೆ ಬೀಳುತ್ತಿತ್ತು. ತರಬೇತಿಯಲ್ಲಿ ನಾವು ಆ ಒಲೆಯ ಮೇಲೆ ಮಾಡಿದ್ದು ಅನ್ನ ಮತ್ತು ಉಪ್ಪಿಟ್ಟು. ಮುದ್ದೆ ಒಂದು ಸಲವೂ ಮಾಡಿರಲಿಲ್ಲ. ನಾನೂ ಮುದ್ದೆ ಉಂಡು ಬೆಳೆದವಳೇ. ಆದರೂ ಯೋಚಿಸಿರಲಿಲ್ಲ.

ಹಾಸನಕ್ಕೆ ವಾಪಸು ಬಂದು ಮೇಷ್ಟ್ರಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ಕರಡಿನ ಚುಕ್ಕೆಗಳನ್ನು ನೋಡಲೇ ಇಲ್ಲ. “ಈಗೇನು ಮಾಡ್ತೀಯ?” ಅಂತ ಮಾತ್ರ ಕೇಳಿದರು.

ಅದೇ ವಾರ ಶಿಬಿರ ನೋಡಲು ನಮ್ಮ ಬ್ಲಾಕಿನ ಅಧಿಕಾರಿಗಳು ಬಂದಿದ್ದರು. ಒಳ್ಳೆಯ ಕೆಲಸಗಾರರೇ. ಬಿಸಿಲಿನಲ್ಲಿ ಸೈಕಲ್ ಮೇಲೆ ಹಳ್ಳಿ ಸುತ್ತುತ್ತಿದ್ದವರು. ನಾನು ಹೇಳಿದ್ದನ್ನು ಪೂರಾ ಕೇಳಿದರು.

“ನೋಡಿ, ಒಲೆ ಒಡೀತು ಅಂತ ಪುಸ್ತಕದಲ್ಲಿ ಬರೆದ್ರೆ ಇನ್ನು ಯಾರು ಹಾಕಿಸ್ಕೋತಾರೆ? ನಿಮ್ಮ ಐದೂ ಸೇರಿಸಿ ನಾನು ಮೇಲಕ್ಕೆ ಲೆಕ್ಕ ಕಳಿಸಿದ್ದೀನಿ. ತೊಂದರೆ ಇದ್ರೆ ನಾವು ನಾವು ಸರಿಮಾಡಿಕೊಳ್ಳೋಣ. ಪುಸ್ತಕದಲ್ಲಿ ಬೇಡ.”

“ಸಾರ್, ಓದೋರು ಒಡೆದದ್ದನ್ನ ಕಣ್ಣಾರೆ ನೋಡಿದ್ದಾರೆ. ಅವರ ಮುಂದೆ ಒಡೆಯಲ್ಲ ಅಂತ ಹೇಗೆ ಬರೆಯಲಿ?”

“ಒಡೆಯಲ್ಲ ಅಂತ ಬರೀಬೇಡಿ. ಒಡೆಯೋ ವಿಚಾರವೇ ಬರೀಬೇಡಿ. ನಿಮ್ಮ ಕಾಯಂ ಕಾಗದವೂ ನನ್ನ ಟೇಬಲ್ ಮೇಲಿದೆ ಅನ್ನೋದು ನೆನಪಿರಲಿ. ಹೆದರಿಸೋಕೆ ಹೇಳ್ತಿಲ್ಲ. ನಿಮ್ಮ ಒಳ್ಳೇದಕ್ಕೆ ಹೇಳ್ತಿದ್ದೀನಿ.”

ಅವರು ಹೋದ ಮೇಲೆ ಚೀಟಿಗಳನ್ನು ಮತ್ತೆ ನೆಲದ ಮೇಲೆ ಹರಡಿಕೊಂಡು ಕೂತೆ. ಅಧಿಕಾರಿಗಳು ಹೇಳಿದ ದಾರಿ ಸುಲಭವಿತ್ತು. ‘ಹೊಗೆ ಬರುವುದಿಲ್ಲ’ ಎಂಬುದನ್ನು ‘ಹೊಗೆ ಕಡಿಮೆ’ ಎಂದು ತಿದ್ದಿದರೆ ಸುಳ್ಳೂ ಆಗುತ್ತಿರಲಿಲ್ಲ. ಸಂಬಳ ಮನೆಗೆ ಬೇಕಿತ್ತು. ನಮ್ಮಪ್ಪ ತೀರಿಹೋಗಿದ್ದರು, ತಂಗಿ ಇನ್ನೂ ಓದುತ್ತಿದ್ದಳು. ಆದರೆ ಆ ಸಾಲಿನ ಮುಂದೆ ಅಕ್ಕನ ಬೆರಳು ನಿಂತದ್ದು ಕಣ್ಣಿಂದ ಹೋಗುತ್ತಿರಲಿಲ್ಲ. ಅರ್ಧ ದಿನ ಹಾಗೇ ಕೂತಿದ್ದು, ಕೊನೆಗೆ ಖಾಲಿ ಚೀಟಿಯೊಂದರ ಮೇಲೆ ‘ಒಲೆ ಯಾಕೆ ಒಡೆಯಿತು’ ಎಂದು ಬರೆದು ಎಲ್ಲ ಚೀಟಿಗಳ ಮೊದಲಿಗೆ ಇಟ್ಟೆ.

ಇಟ್ಟ ಕೂಡಲೇ ಮುಂದಿನ ತೊಡಕು ಕಂಡಿತು. ಎರಡನೇ ಚೀಟಿಯಲ್ಲಿ ‘ಒಡೆಯದ ಹಾಗೆ ಮಾಡುವುದು ಹೇಗೆ’ ಎಂದಿರಬೇಕು. ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಮೇಷ್ಟ್ರ ಬಳಿ ಹೋಗಿ ಇನ್ನೂ ಒಂದು ತಿಂಗಳು ಕೇಳಿದೆ.

“ಶಿಬಿರ ಮುಗಿದುಹೋಗುತ್ತಲ್ಲಮ್ಮ.”

“ಕರಡನ್ನ ಅಂಚೇಲಿ ಕಳಿಸ್ತೀನಿ ಸಾರ್. ಒಲೆ ಗೊತ್ತಾಗದೆ ಪುಸ್ತಕ ಬರೆಯೋಕಾಗಲ್ಲ.”

ಅವರು ತಮ್ಮ ಮನೆಯ ವಿಳಾಸ ಬರೆದುಕೊಟ್ಟರು.

ಊರಿಗೆ ಬಂದು ಅಕ್ಕನ ಮನೆಗೆ ಹೋದೆ. “ನಿಮ್ಮನೇಲೇ ಇನ್ನೊಂದು ಸಲ ಹಾಕೋಣ ಅಕ್ಕ. ಈ ಸಲ ನೀವು ಹೇಳಿ, ನಾನು ಮಾಡ್ತೀನಿ,” ಅಂದೆ. ಅವಳು ರಾಗಿ ಕೇರುತ್ತಲೇ ಇದ್ದಳು. ಅವಳ ಅತ್ತೆ ಒಳಗಿನಿಂದ, “ಇನ್ನೊಂದ್ ಕೈನೂ ಸುಟ್ಕಂತಾಳಂತೆ,” ಅಂದರು. ಅದಕ್ಕೇ ಇರಬೇಕು, ಅಕ್ಕ ಮೊರವನ್ನು ಕೆಳಗಿಟ್ಟು ಎದ್ದಳು.

“ಬನ್ನಿ, ನಾನು ಇಟ್ಟು ತೊಳಸ್ತೀನಿ, ನೀವು ನೋಡಿ. ಮದ್ಲು ನೋಡಿ.”

ಮೂರು ದಿನ ನಾನು ಬರೀ ನೋಡಿದೆ. ಅವಳು ಎಲ್ಲಿ ಕೂರುತ್ತಾಳೆ, ಕವೆಗೋಲಿನ ತುದಿ ಎಲ್ಲಿ ಊರುತ್ತಾಳೆ, ಮಡಕೆ ಯಾವ ಕಡೆ ವಾಲುತ್ತದೆ ಎಂಬುದನ್ನೆಲ್ಲ ಬರೆದುಕೊಂಡೆ. ದಾರದಿಂದ ಗುಂಡುಕಲ್ಲಿನ ಒಲೆಯ ಎತ್ತರ ಅಳೆದೆ. ನಾನು ಮೊದಲು ಹಾಕಿದ್ದ ಒಲೆ ಅವಳ ಮೊಣಕಾಲಿಗಿಂತ ಎತ್ತರವಿತ್ತು; ಅಷ್ಟು ಎತ್ತರದಲ್ಲಿ ಮಡಕೆಯನ್ನು ಕೆಳಕ್ಕೆ ಒತ್ತಲಾಗದೆ ಅವಳು ಪಕ್ಕಕ್ಕೆ ಒತ್ತುತ್ತಿದ್ದಳು. ಅಂಚು ಕಿತ್ತುಬಂದದ್ದು ಅದಕ್ಕೇ.

ಮೊದಲ ಪ್ರಯತ್ನದಲ್ಲಿ ಮುಂದಿನ ಕಣ್ಣನ್ನು ತಗ್ಗಿಸಿ, ಗೋಡೆಯನ್ನು ಎರಡರಷ್ಟು ದಪ್ಪ ಮಾಡಿದೆವು. ಹುತ್ತದ ಮಣ್ಣು, ಸಗಣಿ, ಕತ್ತರಿಸಿದ ರಾಗಿ ಹುಲ್ಲು ಸೇರಿಸಿ ತುಳಿದೆವು. ಅವಸರಕ್ಕೆ ಬೆಂಕಿ ಹಾಕಿ ಒಣಗಿಸಿದ್ದರಿಂದ ಎರಡೇ ದಿನಕ್ಕೆ ಮೂರು ಕಡೆ ಸೀಳಿತು. ಒಡೆದು ತೆಗೆದೆವು. ಎರಡನೇ ಸಲ ಒಂದು ವಾರ ನೆರಳಲ್ಲೇ ಬಿಟ್ಟು, ದಿನಾ ಒದ್ದೆ ಕೈಯಿಂದ ಸವರಿ ಒಣಗಿಸಿದೆವು. ಸೀಳಲಿಲ್ಲ. ಆದರೆ ಹಿಟ್ಟು ತೊಳಸಿದ ನಾಲ್ಕನೇ ದಿನ ಅಂಚು ಮತ್ತೆ ಅಲುಗಾಡಿತು. ನಾನು ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟೆ. ಹೇಳಿದ್ದ ತಿಂಗಳಿನಲ್ಲಿ ಹೆಚ್ಚಿನ ದಿನಗಳು ಕಳೆದುಹೋಗಿದ್ದವು.

ಅಕ್ಕ ಒಲೆಯ ಕಣ್ಣಿನೊಳಗೆ ಕೈಹಾಕಿ ಸವರುತ್ತಾ, “ಅಲ್ಲ ಟೀಚರಮ್ಮ,” ಅಂದಳು, “ಭಾರ ವೊರೋದು ಮಣ್ಣೇ ಯಾಕಾಗ್ಬೇಕು? ನಮ್ಮ ಗುಂಡ್ಕಲ್ಲು ಇಷ್ಟ್ ವರ್ಸ ವೊತ್ತಿಲ್ವಾ? ಅವನ್ನ ಒಳಕ್ಕೆ ಕೂರ್ಸಿ, ಸುತ್ತ ಮಣ್ಣು ಮೆತ್ತಿದ್ರೆ? ಮಡ್ಕೆ ಕಲ್ಲಿನ್ ಮ್ಯಾಲೆ ಕುಂತಿರ್ತದೆ. ಮಣ್ಣು ಒಗೆ ತಡ್ಕಂಡ್ರೆ ಸಾಕಲ್ವಾ?”

ನಾನು ಅವಳ ಮುಖವನ್ನೇ ನೋಡಿದೆ. ತರಬೇತಿಯಲ್ಲಿ ನಮಗೆ ಹೇಳಿಕೊಟ್ಟಿದ್ದು ಮೂರು ಕಲ್ಲನ್ನು ಮೊದಲು ಎತ್ತಿ ಹೊರಗೆಸೆಯಿರಿ ಅಂತ.

ಅವಳು ಹೇಳಿದಂತೆಯೇ ಮಾಡಿದೆವು. ಮುಂದಿನ ಕಣ್ಣಿನ ಒಳಗೆ ಮೂರು ಕಲ್ಲನ್ನು ನೆಲಕ್ಕೆ ಹೂತು ನಿಲ್ಲಿಸಿ, ತಲೆ ಮಾತ್ರ ಅಂಚಿಗಿಂತ ಅರ್ಧ ಬೆರಳು ಮೇಲಿರುವಂತೆ ಬಿಟ್ಟು, ಸುತ್ತ ಮಣ್ಣು ಕಟ್ಟಿದೆವು. ಆ ಅರ್ಧ ಬೆರಳಿನ ಸಂದಿನಿಂದ ಸ್ವಲ್ಪ ಹೊಗೆ ಬಂತು. ಅದಕ್ಕೆ ಅಕ್ಕ ಮಡಕೆಯ ಸುತ್ತ ಒದ್ದೆ ಮಣ್ಣಿನ ಬಳೆಯಂಥ ಸಿಂಬಿಯೊಂದನ್ನು ಮಾಡಿ ಕೂರಿಸಿದಳು. ಒಡೆದರೆ ಸಿಂಬಿ ಒಡೆಯಲಿ, ಇನ್ನೊಂದು ಮಾಡಿದರಾಯಿತು ಅಂದಳು. ಅದು ಒಣಗಿ, ಅಡುಗೆ ಶುರುವಾಗಿ, ಹತ್ತು ದಿನ ಎರಡು ಹೊತ್ತೂ ಹಿಟ್ಟು ತೊಳಸಿದ ಮೇಲೆ ನಾವಿಬ್ಬರೂ ಬಗ್ಗಿ ನೋಡಿದೆವು. ಎಲ್ಲೂ ಬಿರುಕಿರಲಿಲ್ಲ.  ಅವತ್ತಿನಿಂದ ಅತ್ತೆಯ ಊಟದ ತಣಿಗೆ ಅಡುಗೆಮನೆಯೊಳಕ್ಕೇ ಬಂತು. ಮುಂಚೆ ಹೊಗೆಗೆ ಹೆದರಿ ಜಗಲಿಯಲ್ಲಿ ಉಣ್ಣುತ್ತಿದ್ದರು.

ಇನ್ನೊಂದು ಸಂಗತಿ ಹೇಳಿದವರೂ ಅವರೇ. ಅಟ್ಟದ ಮೇಲಿನ ಬಿತ್ತನೆ ಬೀಜಕ್ಕೆ ಇಷ್ಟು ವರ್ಷ ಹೊಗೆ ಹಿಡಿಯುತ್ತಿದ್ದುದರಿಂದ ಹುಳ ಬೀಳುತ್ತಿರಲಿಲ್ಲ, ಇನ್ನು ಬೀಳುತ್ತದೆ. ನನಗೆ ತಿಳಿಯದ ಮಾತು. ಬೂದಿ ಬೆರೆಸಿ, ಬಿಸಿಲಿಗೆ ಹಾಕಿ, ಬಾಯಿ ಕಟ್ಟಿಡಬೇಕು ಅಂತ ಅವರೇ ಹೇಳಿದರು. ಅದಕ್ಕೂ ಒಂದು ಚೀಟಿ ಮಾಡಿಕೊಂಡೆ.

ಮೂರನೇ ಕರಡು ಎರಡೇ ದಿನದಲ್ಲಿ ಮುಗಿಯಿತು. ಬರೆದದ್ದು ಅಕ್ಕನ ಜಗಲಿಯಲ್ಲಿ. “ಒಬ್ಬ ಅಕ್ಕ ಇದ್ದಳು. ಅವಳು ಹೊಸ ಒಲೆ ಹಾಕಿಸಿದಳು. ಇಪ್ಪತ್ತು ದಿನಕ್ಕೆ ಅದು ಒಡೆಯಿತು. ಯಾಕೆ ಒಡೆಯಿತು?” ಹೀಗೆ ಶುರು. ಹಳೆಯ ಚೀಟಿಗಳಲ್ಲಿ ಅರ್ಧ ಕಸಕ್ಕೆ ಹೋದವು. ಕಣ್ಣಿಗಾಗುವ ಲಾಭ, ಸೌದೆಯ ಉಳಿತಾಯ ಎಂದೆಲ್ಲ ಉಪದೇಶ ಮಾಡಿದ್ದ ಪುಟಗಳು ಎರಡು ಸಾಲಿಗೆ ಇಳಿದವು. ಒಲೆ ಒಡೆಯಿತು ಎಂದು ಓದಿದವಳು ಮುಂದೇನಾಯಿತು ಅಂತ ತಾನೇ ಪುಟ ತಿರುವುತ್ತಾಳೆ, ಅವಳನ್ನು ನೂಕಬೇಕಾಗಿಲ್ಲ. ಅಕ್ಕ ಪೂರಾ ಓದಿದಳು. ಎರಡು ಕಡೆ ಬೆರಳು ನಿಂತಿತು. ಒಂದು ಪದಕ್ಕೆ, ಅದನ್ನು ಬದಲಿಸಿದೆ. ಇನ್ನೊಂದು, ‘ಅಕ್ಕ ಅತ್ತಳು’ ಎಂದು ನಾನು ಬರೆದಿದ್ದ ಸಾಲಿಗೆ.

“ನಾನೆಲ್ಲಿ ಅತ್ತೆ?”

“ಕೈ ಸುಟ್ಟಾಗ…”

“ಅಳ್ಲಿಲ್ಲ. ಬೈದೆ. ಅಂಗೇ ಬರೀರಿ.”

‘ಅಕ್ಕ ಒಲೆಯನ್ನು ಬೈದಳು’ ಎಂದು ತಿದ್ದಿದೆ.

ಒಳ್ಳೆಯ ಪ್ರತಿ ಮಾಡಿ ಮೇಷ್ಟ್ರಿಗೆ ಕಳಿಸಿದೆ. ಅದೇ ಅಂಚೆಯಲ್ಲಿ ಬ್ಲಾಕ್ ಆಫೀಸಿಗೂ ವರದಿ ಹೋಯಿತು: ಹಾಕಿದ ಒಲೆ ಐದು, ಕೆಡದೆ ಬಳಕೆಯಲ್ಲಿರುವುದು ಒಂದು, ಹೊಸ ರೀತಿಯಲ್ಲಿ ಮತ್ತೆ ಹಾಕಿದ್ದು ಒಂದು.  

ಆ ವರ್ಷ ನನ್ನ ಕೆಲಸ ಕಾಯಂ ಆಗಲಿಲ್ಲ. ಮುಂದಿನ ವರ್ಷವೂ ತಡವಾಯಿತು. ಪುಸ್ತಕವನ್ನು ಆರಿಸುವ ಸಮಿತಿಯವರು ಮೊದಲ ಮೂರು ಪುಟ ತೆಗೆದರೆ ಅಚ್ಚಿಗೆ ಕೊಡುತ್ತೇವೆ ಅಂದರಂತೆ. ಮೇಷ್ಟ್ರು ನನ್ನನ್ನು ಕೇಳಿ ಕಾಗದ ಬರೆದರು. ತೆಗೆಯಲು ನನ್ನ ಒಪ್ಪಿಗೆ ಇಲ್ಲ ಅಂತ ಒಂದೇ ಸಾಲು ಬರೆದೆ. ಬಹಳ ತಿಂಗಳು ಸುದ್ದಿಯಿರಲಿಲ್ಲ. ಅಷ್ಟರಲ್ಲಿ ಅಧಿಕಾರಿಗಳು ಬದಲಾದರು, ನನಗೆ ಅರಕಲಗೂಡು ತಾಲ್ಲೂಕಿಗೆ ವರ್ಗವಾಯಿತು. ಹೊರಡುವ ದಿನ ಎಣಿಸಿದಾಗ ಅಕ್ಕನ ಒಲೆಯಂಥವು ಊರಿನಲ್ಲಿ ಒಂಬತ್ತು ಇದ್ದವು. ನಾನು ಹಾಕಿದ್ದು ಅವುಗಳಲ್ಲಿ ಎರಡು, ಉಳಿದವು ಅವಳು ಹಾಕಿಕೊಟ್ಟವು. ತರಗತಿಗೆ ಅವಳು ಮತ್ತೆ ಬರುತ್ತಿದ್ದಳು. ಮೊದಲಿನಂತೆ ಮುಂದಿನ ಸಾಲಿನಲ್ಲೇ ಕೂರುತ್ತಿದ್ದಳು.

ಪುಸ್ತಕ ಕೊನೆಗೂ ಅಚ್ಚಾಯಿತು, ಮೂರು ಪುಟವೂ ಸೇರಿ. ಹೇಗೆ ಒಪ್ಪಿದರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಮೇಷ್ಟ್ರು ಹೇಳಲಿಲ್ಲ, ನಾನು ಕೇಳಲಿಲ್ಲ. ದಪ್ಪ ಅಕ್ಷರ, ಹದಿನಾರು ಪುಟ, ರಟ್ಟಿನ ಮೇಲೆ ಒಲೆಯ ಚಿತ್ರ. ಚಿತ್ರ ಬರೆದವರು ತರಬೇತಿಯಲ್ಲಿ ಹೇಳಿಕೊಟ್ಟ ಹಳೆಯ ಒಲೆಯನ್ನೇ ಬರೆದಿದ್ದರು. ಅದಕ್ಕೆ ನಾನು ಏನೂ ಮಾಡುವ ಹಾಗಿರಲಿಲ್ಲ.

ಒಂದು ವರ್ಷ ಕಳೆದಿರಬೇಕು. ಅರಕಲಗೂಡಿನ ನನ್ನ ಬಾಡಿಗೆ ಮನೆಗೆ ಒಂದು ಕಾರ್ಡು ಬಂತು. ಎರಡು ಕಡೆಯ ವಿಳಾಸ ತಿದ್ದಿಸಿಕೊಂಡು ತಡವಾಗಿ ಬಂದಿತ್ತು. ಚನ್ನರಾಯಪಟ್ಟಣ ತಾಲ್ಲೂಕು, ಹಿರೀಸಾವೆ ಹತ್ತಿರದ ಊರು. ಬರೆದವಳು ನನಗೆ ಗೊತ್ತಿಲ್ಲದ ಹೆಂಗಸು. ಅಕ್ಷರಗಳು ಸಾಲು ಬಿಟ್ಟು ಮೇಲೆ ಕೆಳಗೆ ಹೋಗಿದ್ದವು. ಕೂಡಿಸಿಕೊಂಡು ಓದಿದೆ: “ನಿಮ್ಮ ಪುಸ್ತಕ ಓದಿ ಒಲೆ ಹಾಕಿದ್ದೀವಿ. ಇಟ್ಟು ತೊಳಸಿದ್ರೂ ತಡೀತದೆ. ಕೊಳವೆ ಒಳಗೆ ಮಸಿ ಕಟ್ಟಿ ಒಗೆ ವಾಪಸ್ ಬತ್ತದೆ. ಮಸಿ ತೆಗೆಯೋದು ಎಂಗೆ ಅಂತ ನೀವು ಬರೆದಿಲ್ಲ. ಬರೀರಿ.”

ಪುಸ್ತಕ ತೆಗೆದು ನೋಡಿದೆ. ‘ಕೊಳವೆಯನ್ನು ಆಗಾಗ ಶುದ್ಧ ಮಾಡಬೇಕು’ ಎಂದು ಒಂದು ಸಾಲಿತ್ತು. ಯಾವುದರಿಂದ, ಮೇಲಿನಿಂದಲೋ ಕೆಳಗಿನಿಂದಲೋ, ಎಷ್ಟು ದಿನಕ್ಕೆ, ಒಂದೂ ಇರಲಿಲ್ಲ. ಅಷ್ಟೆಲ್ಲ ತಿದ್ದಿದ್ದರಲ್ಲೂ ಅದು ಹಾಗೇ ಉಳಿದುಕೊಂಡಿತ್ತು.

ಉತ್ತರ ಬರೆಯಲು ಕಾರ್ಡು ತಂದು ಕೂತೆ. ಅವಳ ಹೆಸರು ಬರೆದು, ‘ಉದ್ದನೆಯ ಕೋಲಿಗೆ ಬಟ್ಟೆ ಸುತ್ತಿ’ ಅನ್ನುವವರೆಗೆ ಬಂದಿದ್ದೆ. ಬಟ್ಟೆಯೋ, ತೆಂಗಿನ ನಾರೋ? ನಾರಾದರೆ ಕೊಳವೆಯ ತಿರುವಿನಲ್ಲಿ ಸಿಕ್ಕಿಕೊಳ್ಳುವುದಿಲ್ಲವೇ? ನನ್ನ ಬಾಡಿಗೆ ಮನೆಯಲ್ಲೂ ನಾನೇ ಹಾಕಿಕೊಂಡ ಒಲೆಯಿತ್ತು. ಅದರ ಕೊಳವೆಯನ್ನು ಗುಡಿಸುತ್ತಿದ್ದವಳು ಮನೆಗೆಲಸಕ್ಕೆ ಬರುತ್ತಿದ್ದ ಹೆಂಗಸು, ನಾನು ಒಂದು ದಿನವೂ ಮುಟ್ಟಿರಲಿಲ್ಲ.

ಪೆನ್ನು ಮುಚ್ಚಿಟ್ಟು, ಸೆರಗು ಸಿಕ್ಕಿಸಿಕೊಂಡು, ಪಕ್ಕದ ಮನೆಗೆ ಏಣಿ ಕೇಳಲು ಹೋದೆ.